ಒಡೆಯದ ಡಬ್ಬಿ

ತಾಯಿಯ ಕೆಮ್ಮಿನ ಔಷಧಿಗೆಂದು ಮೆಡಿಕಲ್ ಅಂಗಡಿಯ ಸಾಲಿನಲ್ಲಿ ನಿಂತಿದ್ದ ದರ್ಜಿಯ ಮುಂದೆಯೇ ಅಕ್ಕತಂಗಿಯರಿಬ್ಬರು ನಿಂತಿದ್ದರು. ಅಕ್ಕನ ಕೈಯಲ್ಲಿ ಎದೆಹಾಲು ತೆಗೆಯುವ ಪಂಪಿನ ಡಬ್ಬಿಯಿತ್ತು. ಅದರ ಸೀಲು ಇನ್ನೂ ಒಡೆದಿರಲಿಲ್ಲ. ಬೇಡವೆಂದರೂ ಅವರ ಮಾತು ದರ್ಜಿಯ ಕಿವಿಗೆ ಬೀಳುತ್ತಿತ್ತು.

"ಇದನ್ನ ವಾಪಸ್ ಕೊಟ್ಬಿಡೋಣ ಕಣೆ," ಎಂದಳು ಅಕ್ಕ.

"ಬೇಡಕ್ಕ."

"ಕಣ್ಣಿಗೆ ಬಿದ್ದಾಗೆಲ್ಲ ಕರುಳು ಕಿತ್ತು ಬರುತ್ತೆ. ಹಾಲು ನಿಲ್ಲೋ ಮಾತ್ರೆ ಬರೆದುಕೊಟ್ಟಿದಾರಲ್ಲ, ತಗೊಂಡು ಹೋಗೋಣ."

"ಬೆಳಗ್ಗೆಯಿಂದ ಎರಡು ಅಂಗಿ ಒದ್ದೆ ಆಯ್ತು. ಮಗು ಹೋಯ್ತು ಅಂತ ಎದೆಗಿನ್ನೂ ಗೊತ್ತಾಗಿಲ್ಲ."

ಅಕ್ಕ ತನ್ನ ಶಾಲನ್ನು ತೆಗೆದು ತಂಗಿಗೆ ಹೊದಿಸಿದಳು.

"ಆಸ್ಪತ್ರೇಲಿ ನಮ್ಮ ಪಾಪು ಪಕ್ಕದ ಗಾಜಿನ ಪೆಟ್ಟಿಗೇಲಿ ಒಂದು ಕೂಸಿತ್ತಲ್ಲ," ಎಂದಳು ತಂಗಿ. "ಅದರಮ್ಮಂಗೆ ಹಾಲೇ ಬಂದಿಲ್ವಂತೆ. ನಾನು ಕೊಟ್ರೆ ಪರೀಕ್ಷೆ ಮಾಡಿ ಕುಡಿಸ್ತಾರಂತೆ. ನರ್ಸಮ್ಮ ಹೇಳಿದ್ರು."

"ನಿನ್ನ ಕೈಲಾಗುತ್ತೇನೆ?"

"ಗೊತ್ತಿಲ್ಲ. ಇವತ್ತೊಂದು ದಿನ ನೋಡ್ತೀನಿ."

ಅವರ ಸರದಿ ಬಂತು. ಅಕ್ಕ ಮಾತ್ರೆಯ ಚೀಟಿಯನ್ನು ಮಡಚಿ ಪರ್ಸಿಗೆ ಸೇರಿಸಿದಳು.

"ಎದೆಹಾಲು ತುಂಬಿಡೋ ಚೀಲ ಇದ್ರೆ ಕೊಡಿ."

"ಮಗುಗೆ ಎಷ್ಟು ದಿನಮ್ಮ?" ಎಂದು ಅಂಗಡಿಯವನು ನಗುತ್ತಾ ಕೇಳಿದ.

"ಒಂಬತ್ತು ದಿನ ಇದ್ಲು," ಎಂದಳು ತಂಗಿ.

ಚೀಲಗಳ ಪೊಟ್ಟಣವನ್ನು ತಾನೇ ಎತ್ತಿಕೊಂಡು ಅವಳು ಮೆಟ್ಟಿಲಿಳಿದಳು. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಅಕ್ಕ ಹಿಂದೆಯೇ ಹೋದಳು.