ಇಳಿಸಲಾಗದ ಕೂಸು

ಪಾಳಿ ಮುಗಿದಿತ್ತು, ಮಳೆ ಮುಗಿದಿರಲಿಲ್ಲ. ಮಕ್ಕಳ ವಾರ್ಡಿನ ಪಕ್ಕದಲ್ಲಿ, ಒಗೆದ ಹಾಸುಬಟ್ಟೆಗಳನ್ನು ಒಟ್ಟುವ ಪುಟ್ಟ ಕೋಣೆಯಲ್ಲಿ ನಾವು ನಾಲ್ಕೈದು ಜನ ನರ್ಸುಗಳು ಸಿಕ್ಕಿಬಿದ್ದಿದ್ದೆವು. ಕರೆಂಟು ಹೋಗಿತ್ತು. ಜನರೇಟರಿನ ಬೆಳಕು ವಾರ್ಡಿಗಷ್ಟೇ. ನಮ್ಮ ಪಾಲಿಗೆ ಬಾಗಿಲ ಸಂದಿಯಿಂದ ಬಿದ್ದ ಒಂದು ಗೆರೆ. ಬಟ್ಟೆಗಂಟಿಗೆ ಒರಗಿ, ನಾವು ಹುಟ್ಟುವ ಮೊದಲೇ ಇಲ್ಲಿ ಕೆಲಸಕ್ಕೆ ಸೇರಿದ್ದ ಮುದುಕಿ ಆಯಾ ಕುಳಿತಿದ್ದರು. ಎಲ್ಲರಿಗೂ ಅವರು ದೊಡ್ಡಮ್ಮ.

"ದೊಡ್ಡಮ್ಮ, ಈ ಆಸ್ಪತ್ರೇಲಿ ದೆವ್ವ ಇದೆಯಂತೆ, ಹೌದಾ?" ಎಂದಳು ನಮ್ಮಲ್ಲೊಬ್ಬಳು.

ದೊಡ್ಡಮ್ಮ ಮೊಣಕಾಲು ನೀವಿಕೊಳ್ಳುತ್ತ ಶುರುಮಾಡಿದರು.

"ದೆವ್ವ ಅಂದ್ರೆ ಕೂದಲು ಕೆದರ್ಕೊಂಡು ಬರೋದು ಅಂದ್ಕೊಂಡಿದ್ದೀರಲ್ಲ... ಅಂಥದ್ದು ಬಂದಿದ್ರೆ ನಾನೇ ಪೊರಕೆ ತಗೊಂಡು ಓಡಿಸ್ತಿದ್ದೆ. ಕೇಳಿ. ಒಬ್ಬ ಹಮಾಲಿ ಇದ್ದ. ಗೋದಾಮಿನಲ್ಲಿ ಮೂಟೆ ಹೊರೋನು, ಇಬ್ಬರು ಎತ್ತೋದನ್ನ ಒಬ್ಬನೇ ಹೆಗಲಿಗೆ ಹಾಕ್ಕೊಂಡು ಸಿಳ್ಳೆ ಹೊಡೀತಾ ಹೋಗೋನು. ಅವನ ಮಗಳು, ಇನ್ನೂ ಹಾಲುಹಲ್ಲು ಬೀಳದ ಕೂಸು, ಎದೇಲಿ ಕಫ ಕಟ್ಟಿ ಇಲ್ಲಿಗೆ ಬಂತು. ಮೂಗಿಗೆ ಆಕ್ಸಿಜನ್ನು, ಕೈಗೆ ಡ್ರಿಪ್ಪು. ತಾಯಿ ಹಾಸಿಗೆ ಪಕ್ಕ ಕೂತೋಳು ಏಳಲೇ ಇಲ್ಲ. ಹೀಗಿರುವಾಗ ಕೂಸು ಒಂದು ಸಲ ನಕ್ಕಿತು ನೋಡಿ... ಅದೇ ಮುಳುವಾಯ್ತು. 'ನಗ್ತಿದೆ, ಹುಷಾರಾಯ್ತು, ನಡಿ ಮನೆಗೆ' ಅಂದ. ಯಾಕೆ ಗೊತ್ತಾ? ಮನೇಲಿ ಬೇಯಿಸಿ ಹಾಕೋರಿರಲಿಲ್ಲ. ಹೋಟೆಲ್ ಊಟ ಹಿಡಿಸ್ತಿರಲಿಲ್ಲ ಮಹಾರಾಯನಿಗೆ.

"ಡಾಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತು, 'ಆಕ್ಸಿಜನ್ ತೆಗೆದ್ರೆ ಮಗು ಮನೆ ಮುಟ್ಟೋದಿಲ್ಲಪ್ಪ' ಅಂದ್ರು. 'ನನ್ನ ಮಗು, ನನ್ನಿಷ್ಟ' ಅಂದ. ಹೆಂಡತಿ ಕಾಲು ಹಿಡಿದಳು, ಒದ್ದ. ತಾನೇ ನಳಿಕೆ ಕಿತ್ತು, ಕೂಸನ್ನ ಎದೆಗವಚಿಕೊಂಡು ಮೆಟ್ಟಿಲಿಳಿದ... 'ಅಪ್ಪಾ, ಉಸಿರು ಬರ್ತಿಲ್ಲ, ಕೆಳಗಿಳಿಸು' ಅಂತಿತ್ತು ಅದು. 'ಸುಮ್ನಿರು, ಮನೇಲಿ ಇಳಿಸ್ತೀನಿ' ಅಂದ. ಇಳಿಸಿದ. ಅಷ್ಟೊತ್ತಿಗೆ ತಣ್ಣಗಾಗಿತ್ತು.

"ಊರಿಗೆಲ್ಲ ಏನಂತ ಹೇಳಿದ? ಆಸ್ಪತ್ರೆಯೋರು ಕೊಂದ್ರು ಅಂತ. ಹೆಂಡತಿ ತುಟಿ ಬಿಚ್ಚಲಿಲ್ಲ. ಬೇಯಿಸಿ ಹಾಕಿದಳು.

"ಆಮೇಲೆ ಒಂದು ಗಂಡುಮಗು ಆಯ್ತು. ಅದಕ್ಕೂ ಅದೇ ಕಾಯಿಲೆ, ಅದೇ ವಾರ್ಡು. ಈಗಲಾದ್ರೂ ಬುದ್ಧಿ ಬಂದಿರಬೇಕು ಅಲ್ವಾ? ನಾಯಿ ಬಾಲ ಎಂದಾದ್ರೂ ನೆಟ್ಟಗಾಗ್ತದಾ... 'ಸಾಕು ಈ ಚುಚ್ಚಾಟ' ಅಂತ ಒಂದು ಮಧ್ಯಾಹ್ನ ಹುಡುಗನ್ನ ಎತ್ಕೊಂಡು ಹೊರಟೇಬಿಟ್ಟ. ನಾನು ಮೆಟ್ಟಿಲು ಒರೆಸ್ತಿದ್ದೆ, ಕಣ್ಣಾರೆ ಕಂಡದ್ದು. ಅರ್ಧ ಇಳಿದೋನು ನಿಂತ. ಅಷ್ಟು ಮೂಟೆ ಹೊತ್ತ ಬೆನ್ನು ಬಾಗ್ತಾ ಬಾಗ್ತಾ ಹೋಯ್ತು. 'ಇದೇನೇ ಇಷ್ಟು ಭಾರ' ಅಂದ ಹೆಂಡತಿಗೆ. ಆಮೇಲೆ ಮೆಲ್ಲಗೆ ಕುತ್ತಿಗೆ ಹೊರಳಿಸಿ ಎಡಗಡೆ ಹೆಗಲು ನೋಡಿದ... ಹುಡುಗ ಇದ್ದದ್ದು ಬಲಗಡೆ. ಎಡಗಡೆಯಿಂದ ಕೆಮ್ಮು ಕೇಳಿಸ್ತು. ನನಗೂ ಕೇಳಿಸ್ತು.

"ತಾಯಿ ಬಂದು ಹುಡುಗನ್ನ ಹೂವೆತ್ತಿದ ಹಾಗೆ ಎತ್ಕೊಂಡು ವಾರ್ಡಿಗೆ ವಾಪಸ್ ನಡೆದಳು. ಹುಡುಗ ಬದುಕಿದ. ಆದ್ರೆ ಅಪ್ಪನ ಎರಡೂ ತೋಳು ಬಿಚ್ಚಲೇ ಇಲ್ಲ. ಮಡಚಿದ್ದು ಮಡಚಿದ ಹಾಗೇ. ಡಾಕ್ಟರುಗಳು ಎಳೆದ್ರು, ಒತ್ತಿದ್ರು, ಮೂಳೆ ಸರಿ, ನರ ಸರಿ. ಮನೇಲಿ ಗೋಡೆಗೆ ಒರಗಿ ಕೂತು, 'ಇವಳನ್ನ ಇಳಿಸ್ಕೊಳ್ಳೇ, ಉಸಿರಿಗೆ ಒದ್ದಾಡ್ತಿದ್ದಾಳೆ' ಅಂತ ಅಳೋನು. ತುತ್ತು ಬಾಯಿಗಿಡಬೇಕಾದೋಳು ಅವಳೇ ತಾನೆ? ಇಟ್ಟರೆ ಇಟ್ಟಳು, ಇಲ್ಲದಿದ್ರೆ ತಟ್ಟೆ ಮುಂದಿಟ್ಟು ಎದ್ದು ಹೋಗೋಳು. 'ನೀವೇ ಎತ್ಕೊಂಡು ಬಂದ್ರಲ್ಲ, ನೀವೇ ಇಟ್ಕೊಳ್ಳಿ' ಅನ್ನೋಳು, ಅಷ್ಟೇ. ಬಿಸಿ ಅನ್ನದ ಮುಂದೆ ಕೂತು ಕೂತು, ಒಣಗಿ ಸತ್ತ. ಸತ್ತ ಮೇಲೆ ತೋಳು ತಾನಾಗೇ ಬಿಚ್ಕೊಳ್ತಂತೆ."

ಹೊರಗೆ ಮಳೆ ಸಣ್ಣಗಾಗಿತ್ತು.

"ಅಂದ್ರೆ ಮಗಳಿಗೆ ಬಿಡುಗಡೆ ಆಯ್ತು" ಎಂದೆ ನಾನು.

"ಎಲ್ಲಿಯ ಬಿಡುಗಡೆ ತಾಯಿ... ಕೂಸು ಅಲ್ವಾ, ಎತ್ಕೊಳ್ಳೋಕೆ ಯಾರಾದ್ರೂ ಬೇಕೇ ಬೇಕು. ಇವತ್ತು ಡಾಕ್ಟರ ಜೊತೆ ಜಗಳ ಆಡಿ, ಜ್ವರದ ಮಗುವನ್ನ ಹೊತ್ಕೊಂಡು ಇಳಿದನಲ್ಲ ಒಬ್ಬ, ಮಳೆ ನಿಲ್ಲಲಿ ಅಂತ ಕೆಳಗೆ ಬೆಂಚಿನ ಮೇಲೆ ಕೂತಿದ್ದಾನೆ. ಹೋಗ್ತಾ ನೋಡ್ಕೊಂಡು ಹೋಗಿ. ಮಗು ಹೆಂಡತಿ ಮಡಿಲಲ್ಲಿ ಮಲಗಿದೆ... ಅವನ ತೋಳು ಮಾತ್ರ ಇನ್ನೂ ಮಡಚೇ ಇದೆ."