ಅವನ ದನಿಯಲ್ಲ ಅನ್ನಬೇಕು

ಕೋರ್ಟಿನ ಬೆಂಚಿನ ಮೇಲೆ ತನ್ನ ಕೇಸಿಗಾಗಿ ಕಾದು ಕಾದು ಸೊಂಟ ಬಿದ್ದುಹೋಗಿದ್ದ ಮುದಿ ದರ್ಜಿಯ ಪಕ್ಕದಲ್ಲೇ ಅಕ್ಕತಂಗಿಯರಿಬ್ಬರು ಕೂತಿದ್ದರು. ಬೇಡವೆಂದರೂ ಮಾತು ಕಿವಿಗೆ ಬಿತ್ತು.

"ಅಕ್ಕಾ, ಒಳಗೆ ಕೇಳಿದ್ರೆ 'ಇದು ನನ್ ಮಗನ ದನಿ ಅಲ್ಲ' ಅನ್ನು. ಅಷ್ಟೇ."

"ಥೇಟ್ ಅವನ ದನಿನೇ ಕಣೆ."

"ಅಯ್ಯೋ! ಎಲ್ರ ಫೋನಿಗೂ ಬಂದ ಆ ಆಡಿಯೋ ಕಂಪ್ಯೂಟರಲ್ಲಿ ಮಾಡಿದ್ದು ಅಂತ ಲಾಯರ್ ಬಡ್ಕೊಂಡಿಲ್ವಾ? ನೀರಿನ ಟ್ಯಾಂಕಿಗೆ ವಿಷ ಹಾಕಿದ್ದು ನಾನೇ ಅಂತ ನಮ್ ಹುಡುಗ ಹೇಳ್ತಾನಾ?"

"ಅವನಾ? ಟ್ಯಾಂಕ್ ತೊಳೆಯೋಕೆ ಇಳಿಯೋ ಮುಂಚೆ ಕಾಲು ಉಜ್ಜಿ ಉಜ್ಜಿ ತೊಳ್ಕೊಳ್ಳೋನು."

"ಆ ಆಡಿಯೋ ಕೇಳಿ ತಾನೇ ಬೀದಿಯೋರು ಅವನನ್ನ ಹೊಡೆದು ಸಾಯಿಸಿದ್ದು? ಆ ದರಿದ್ರ ರೆಕಾರ್ಡನ್ನ ನಿನ್ ಫೋನಲ್ಲಿ ಯಾಕೆ ಇಟ್ಕೊಂಡಿದೀಯ?"

"ಬೇರೆ ಏನಿದೆ ಹೇಳು. ಬದುಕಿದ್ದಾಗ ಯಾರು ರೆಕಾರ್ಡ್ ಮಾಡ್ಕೊಂಡಿದ್ರು? ದಿನಾ ಹಾಕ್ಕೊಂಡು ಕೇಳ್ತೀನಿ."

"ವಿಷ ಹಾಕ್ದೆ ಅನ್ನೋದನ್ನಾ?"

"ಏನಂತಾನೆ ಅನ್ನೋದು ಈಗ ಕಿವಿಗೇ ಹೋಗಲ್ಲ. ಮಾತಾಡ್ತಾನಲ್ಲ, ಸಾಕು."

ಜವಾನ ಕೂಗಿದ. ತಂಗಿ ರಟ್ಟೆ ಹಿಡಿದು ಎಬ್ಬಿಸಿದಳು.

"ಏನಂತೀಯ ಅಕ್ಕಾ?"

"ಅವನ ದನಿ ಅಲ್ಲ ಅಂತೀನಿ ಬಿಡು. ಆಮೇಲೆ ಮನೇಲಿ ಮಾತಾಡೋನು ಯಾರು?"

ಇಬ್ಬರೂ ಒಳಗೆ ಹೋದರು, ಬಾಗಿಲು ಹಾಕಿಕೊಂಡಿತು. ಸ್ವಲ್ಪ ಹೊತ್ತಿಗೆ ಬಾಗಿಲಿನಾಚೆಯಿಂದ ಹರೆಯದ ಹುಡುಗನೊಬ್ಬ ಮಾತಾಡುವುದು ದರ್ಜಿಗೆ ಕೇಳಿಸಿತು.