ಹಚ್ಚದ ಮೇಣದಬತ್ತಿ

ಸುಗ್ಗಿ ಮುಗಿದಿತ್ತು, ಹಿಟ್ಟಿನ ಗಿರಣಿಯಲ್ಲಿ ಬೆಳಗ್ಗೆಯೇ ಸಾಲು. ಸಾಲಿನಲ್ಲಿ ಊರಿನ ದರ್ಜಿಗಿಂತ ಮುಂದೆ ಗೋಧಿ ಚೀಲ ಇಟ್ಟುಕೊಂಡು ತಾಯಿ ನಿಂತಿದ್ದಳು, ಜೊತೆಗೆ ಪರದೇಶದ ಓದಿನಿಂದ ರಜೆಗೆ ಬಂದ ಮಗಳು.

“ಅಮ್ಮಾ, ಕಾಲೇಜಿನ ಪ್ರವಾಸಕ್ಕೆ ಹೋದಾಗ ಅಣ್ಣನ ಹೆಸರಲ್ಲಿ ಯೇಸುವಿನ ಸಮಾಧೀಲಿ ನಾನು ಮೇಣದಬತ್ತಿ ಹಚ್ಚಲೇ ಇಲ್ಲ.”

“ಹಚ್ಚಿದೆ ಅಂದ್ಯಲ್ಲೇ? ಪಾದ್ರಿಗಳಿಗೂ ಹೇಳಿಕೊಂಡು ಬಂದೆ ನಾನು!”

“ಸುಳ್ಳು ಹೇಳಿದ್ದೆ. ಮೂರು ಗಂಟೆ ಸಾಲಲ್ಲಿ ನಿಂತೆ. ಅಷ್ಟರಲ್ಲಿ ಕಾಲೇಜಿನವರು ಬಸ್ಸಿಗೆ ಕರೆದ್ರು.”

“ಹರಕೆ ಹೊತ್ತಿದ್ದೆ ಕಣೇ.”

“ಬೈದ್ಬಿಡಮ್ಮಾ.”

ತಾಯಿ ಬೈಯಲಿಲ್ಲ. “ಒಳಗೆ ಹೋದವರು ಏನು ನೋಡಿದ್ರಂತೆ?”

“ಬರೀ ಕಲ್ಲು. ಖಾಲಿ.”

“ಅದು ಖಾಲಿ ಅಂತ ತಾನೇ ನಾವು ನಂಬಿರೋದು? ನಿಮ್ಮಣ್ಣನ ಸಮಾಧಿ ಖಾಲಿ ಇಲ್ಲ. ಅಲ್ಲಿಗೆ ನೀನು ಒಂದ್ಸಲಾನೂ ಬಂದಿಲ್ಲ.”

ಗಿರಣಿಯವನು ಅವರ ಸರದಿ ಕರೆದ. ತಾಯಿ ಚೀಲವನ್ನು ಹಿಂದೆ ನಿಂತಿದ್ದ ದರ್ಜಿಯತ್ತ ಸರಿಸಿದಳು.

“ಇದನ್ನ ಸ್ವಲ್ಪ ಬೀಸಿಸಿ ಇಡಿ, ಅಣ್ಣಾ,” ಎಂದು ಮಗಳ ಕೈ ಹಿಡಿದು ಸ್ಮಶಾನದ ಕಡೆ ಹೊರಟಳು.